ಹೋಮ್ಸ್, ಕ್ರಿಸ್ಟಿ ಮುಗಿಸಿದವರು ಮುಂದೆ ಏನು ಓದಬೇಕು, ಏನು ಆಡಬೇಕು?

ಶೆರ್ಲಾಕ್ ಹೋಮ್ಸ್ ಪೂರ್ತಿ ಓದಿದ್ದೀರಿ, ಅಗಾಥಾ ಕ್ರಿಸ್ಟಿಯೂ ಮುಗಿಯುತ್ತಾ ಬಂದಿದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಪತ್ತೇದಾರಿ ಕಥೆಗಳು, ಅದೇ ರುಚಿಯ ಗೇಮ್‌ಗಳು ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಈ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಮ್ಮ ಮನೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಆ ಹುಚ್ಚು ನನಗೂ ಹತ್ತಿತು, ಇವತ್ತಿಗೂ ಬಿಟ್ಟಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಪುಟದಲ್ಲಿ ಎಲ್ಲಿಂದಲೋ ಹೊಸ ಸಾಕ್ಷಿ ತಂದು ಕೊಲೆಗಾರನನ್ನು ಹಿಡಿಯುವ ಕಥೆ ನನಗೆ ಹಿಡಿಸುವುದಿಲ್ಲ. ಸುಳಿವೆಲ್ಲ ನಮ್ಮ ಕಣ್ಣೆದುರೇ ಬಿದ್ದಿರಬೇಕು, ಆದರೂ ನಮಗೆ ಹೊಳೆದಿರಬಾರದು. ನಾನು ಹೇಳುತ್ತಿರುವವೆಲ್ಲ ಆ ಜಾತಿಯವು.

ಆರ್. ಆಸ್ಟಿನ್ ಫ್ರೀಮನ್ ಅವರಿಂದ ಶುರು ಮಾಡಿ. ಇವರು ಡಾಕ್ಟರ್ ಆಗಿದ್ದವರು. 1912ರಲ್ಲಿ ಬಂದ 'ದಿ ಸಿಂಗಿಂಗ್ ಬೋನ್' ಸಂಕಲನದಲ್ಲಿ ಪತ್ತೇದಾರಿ ಕಥೆಯನ್ನೇ ತಲೆಕೆಳಗು ಮಾಡಿದರು. ಕೊಂದವನು ಯಾರು, ಹೇಗೆ ಕೊಂದ ಅನ್ನುವುದು ಮೊದಲರ್ಧದಲ್ಲೇ ಗೊತ್ತಾಗುತ್ತದೆ. ಅವರ ಪತ್ತೇದಾರ ಡಾಕ್ಟರ್ ಥಾರ್ನ್‌ಡೈಕ್ ಅದನ್ನು ಹೇಗೆ ಪತ್ತೆ ಮಾಡುತ್ತಾನೆ ಅನ್ನುವುದೇ ಉಳಿದ ಕಥೆ. ಹಾಗಾದರೆ ಸ್ವಾರಸ್ಯ ಏನು ಉಳಿಯಿತು ಅನ್ನಿಸುತ್ತೆ ಅಲ್ವಾ? ಅದರಲ್ಲಿರುವ 'ಆಸ್ಕರ್ ಬ್ರಾಡ್‌ಸ್ಕಿ' ಕಥೆ ಓದಿ ನೋಡಿ. ವಜ್ರದ ವ್ಯಾಪಾರಿಯೊಬ್ಬನನ್ನು ಕೊಂದವನು, ರೈಲಿಗೆ ಸಿಕ್ಕಿ ಸತ್ತ ಅಂತ ಕಾಣಲಿ ಎಂದು ಹೆಣವನ್ನು ಹಳಿಯ ಮೇಲೆ ಮಲಗಿಸುತ್ತಾನೆ. ಒಡೆದುಹೋದ ಕನ್ನಡಕದ ಚೂರುಗಳನ್ನೂ ಮರೆಯದೆ ತಂದು ಅಲ್ಲೇ ಹಾಕುತ್ತಾನೆ. ಥಾರ್ನ್‌ಡೈಕ್ ಆ ಚೂರುಗಳನ್ನು ಆಯ್ದು, ಒಂದೊಂದಾಗಿ ಜೋಡಿಸಲು ಕೂರುತ್ತಾನೆ. ಕನ್ನಡಕಕ್ಕೆ ಹೊಂದದ ಗಾಜು ಮಿಕ್ಕುತ್ತದೆ. ಮಿಕ್ಕ ಚೂರುಗಳು ಗಾಜಿನ ಲೋಟದ್ದು! ರೈಲು ಹಳಿಯ ಮೇಲೆ ಲೋಟ ಎಲ್ಲಿಂದ ಬಂತು? ಆ ಮನೆ, ಆ ಕೋಣೆ ಎಲ್ಲ ನಾವು ಮೊದಲರ್ಧದಲ್ಲೇ ನೋಡಿ ಬಂದಿರುತ್ತೇವೆ. ಅದಕ್ಕೇ ಇಲ್ಲಿ ಮೈ ಜುಮ್ಮೆನ್ನುತ್ತದೆ.

ಜಾಕ್ ಫ್ಯುಟ್ರೆಲ್ ಬರೆದ 'ದಿ ಪ್ರಾಬ್ಲಂ ಆಫ್ ಸೆಲ್ 13' ಒಂದೇ ಸಂಜೆಗೆ ಮುಗಿಯುವ ಕಥೆ, 1905ರದ್ದು. ಬರೀ ಬುದ್ಧಿ ಉಪಯೋಗಿಸಿ ಜೈಲಿನ ಕೋಣೆಯಿಂದ ಒಂದು ವಾರದಲ್ಲಿ ಹೊರಗೆ ಬರುತ್ತೇನೆ ಅಂತ ಒಬ್ಬ ಪ್ರೊಫೆಸರ್ ಪಂಥ ಕಟ್ಟುತ್ತಾನೆ. ಅವನು ಕೇಳುವುದು ಹಲ್ಲುಪುಡಿ, ಪಾಲಿಶ್ ಹಾಕಿದ ಬೂಟು, ಸ್ವಲ್ಪ ದುಡ್ಡು, ಅಷ್ಟೇ. ಬಾಸ್ಟನ್ನಿನ ಪತ್ರಿಕೆಯೊಂದು ಇದನ್ನು ಕಂತುಕಂತಾಗಿ ಹಾಕಿ, ಉತ್ತರ ಹೇಳಿದ ಓದುಗರಿಗೆ ಬಹುಮಾನವನ್ನೂ ಇಟ್ಟಿತ್ತು. ಫ್ಯುಟ್ರೆಲ್ 1912ರಲ್ಲಿ ಟೈಟಾನಿಕ್ ಹಡಗಿನಲ್ಲಿದ್ದರು. ಹೆಂಡತಿ ಬದುಕಿ ಬಂದರು, ಇವರು ಬರಲಿಲ್ಲ. ಆಗ ಅವರಿಗೆ 37 ವರ್ಷ. ಇನ್ನೆಷ್ಟು ಕಥೆ ಬರೆಯಬಹುದಿತ್ತು ಅಂತ ನೆನೆದಾಗಲೆಲ್ಲ ಸಂಕಟವಾಗುತ್ತದೆ. ಫ್ರೀಮನ್, ಫ್ಯುಟ್ರೆಲ್ ಇಬ್ಬರೂ ಹಳೇ ಪುಸ್ತಕಗಳ ವೆಬ್‌ಸೈಟ್ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತಾರೆ, ಇಂಗ್ಲಿಷಿನಲ್ಲಿ.

ಜಪಾನಿನ ಸೆಯಿಚೊ ಮಾಟ್ಸುಮೊಟೊ ಅವರ 'ಪಾಯಿಂಟ್ಸ್ ಅಂಡ್ ಲೈನ್ಸ್' (1958) ಮಾತ್ರ ಕಾಸು ಕೊಟ್ಟು ಕೊಳ್ಳಬೇಕು. ಕೊಳ್ಳಿ, ಯೋಚಿಸಬೇಡಿ. ಫುಕುವೊಕಾ ಹತ್ತಿರದ ಸಮುದ್ರ ತೀರದಲ್ಲಿ ಒಂದು ಗಂಡು, ಒಂದು ಹೆಣ್ಣಿನ ಹೆಣ ಸಿಗುತ್ತದೆ. ಪ್ರೇಮಿಗಳು ಒಟ್ಟಿಗೆ ಪ್ರಾಣ ಬಿಟ್ಟಿದ್ದಾರೆ ಅಂತ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಊರಿನ ಹಳೇ ಪೊಲೀಸ್ ಒಬ್ಬನಿಗೆ ಮಾತ್ರ ಸತ್ತವನ ಜೇಬಿನಲ್ಲಿದ್ದ ರಸೀದಿ ಕಣ್ಣು ಕುಕ್ಕುತ್ತದೆ. ರೈಲಿನ ಊಟದ ಬೋಗಿಯದ್ದು, ಒಬ್ಬರ ಊಟಕ್ಕೆ ಮಾತ್ರ. ಜೊತೆಯಲ್ಲಿ ಹೊರಟವಳು ಊಟಕ್ಕೆ ಯಾಕೆ ಬರಲಿಲ್ಲ? ಮುಂದಿನದೆಲ್ಲ ರೈಲ್ವೆ ಟೈಮ್ ಟೇಬಲ್ ಹಿಡಿದು ಬಿಡಿಸುವ ಕಗ್ಗಂಟು. ಟೋಕಿಯೋ ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದು ಪ್ಲಾಟ್‌ಫಾರ್ಮ್, ನಡುವೆ ರೈಲು ಅಡ್ಡ ಬರದೆ, ಕಾಣುವುದು ಆ ಹೊತ್ತಿಗೆ ಬರೀ 4 ನಿಮಿಷ. ಆ 4 ನಿಮಿಷವನ್ನು ಕಥೆಗಾರ ಬಳಸಿಕೊಂಡ ರೀತಿ ನೋಡಿ ನಾನು ಪುಸ್ತಕ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಇನ್ನು ಗೇಮ್‌ಗಳು. ಬಂದೂಕು, ಓಟ ಯಾವುದೂ ಬೇಡ ಅನ್ನುವವರಿಗೆ 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018). ಲೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ್ದು. ಕಳೆದುಹೋಗಿದ್ದ ಹಡಗೊಂದು 1807ರಲ್ಲಿ ಖಾಲಿಯಾಗಿ ಬಂದರಿಗೆ ಮರಳಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ತನಿಖೆಯವರು. ಒಟ್ಟು 60 ಜನ, ಅವರಲ್ಲಿ ಭಾರತದ ನಾವಿಕರೂ ಇದ್ದಾರೆ. ಯಾರು ಯಾರು, ಅವರಿಗೆಲ್ಲ ಏನಾಯಿತು ಅಂತ ಪುಸ್ತಕದಲ್ಲಿ ತುಂಬಿಸಬೇಕು. ಹೆಣದ ಮುಂದೆ ನಿಂತು ಗೇಮ್‌ನಲ್ಲಿ ಕೊಟ್ಟಿರುವ ಮಾಯಾ ಗಡಿಯಾರ ತೆರೆದರೆ ಆ ಸಾವಿನ ಕ್ಷಣ ಅಲುಗಾಡದ ದೃಶ್ಯವಾಗಿ ನಿಲ್ಲುತ್ತದೆ. ಅದರೊಳಗೆ ನಡೆದಾಡಿ ನೋಡಬಹುದು. ಮಾತಿನ ಧಾಟಿ, ಹಾಕಿದ ಬಟ್ಟೆ, ಮಲಗುವ ಜೋಲಿಗೆ ಕಟ್ಟಿದ ನಂಬರ್, ಎಲ್ಲವೂ ಸುಳಿವು. ಮೂರು ಜನರ ವಿವರ ಸರಿಯಾಗಿ ತುಂಬಿದ ಮೇಲಷ್ಟೇ ಗೇಮ್ 'ಸರಿ' ಅನ್ನುತ್ತದೆ. ಹಾಗಾಗಿ ಅಂದಾಜಿನ ಗುಂಡು ಜಾಸ್ತಿ ನಡೆಯುವುದಿಲ್ಲ. ಇದೇ ಹಾದಿಯದು 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' (2022), ಲಾಟ್ವಿಯಾದ ಅಣ್ಣತಮ್ಮಂದಿರ ಕೆಲಸ. ಗಾತ್ರದಲ್ಲಿ ಚಿಕ್ಕದು, ಅದನ್ನೇ ಮೊದಲು ಆಡಿದರೂ ಆದೀತು.

ದುಡ್ಡು ಖರ್ಚು ಮಾಡುವುದು ಬೇಡ ಅಂದರೆ ಆಂಡ್ರ್ಯೂ ಪ್ಲಾಟ್ಕಿನ್ ಅವರ 'ಸ್ಪೈಡರ್ ಅಂಡ್ ವೆಬ್' (1998). ಚಿತ್ರವೇ ಇಲ್ಲ, ಬರೀ ಅಕ್ಷರ. ಏನು ಮಾಡಬೇಕೋ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಇಲ್ಲಿ ಸಿಕ್ಕಿಬಿದ್ದಿರುವ ಗೂಢಚಾರ ನೀವೇ. ನಡೆದದ್ದನ್ನು ವಿಚಾರಣೆ ಮಾಡುವವನಿಗೆ ಆಡಿ ತೋರಿಸುತ್ತಾ ಹೋಗಬೇಕು. ಅವನು ಅರ್ಧಕ್ಕೇ ತಡೆದು, ಸುಳ್ಳು ಹೇಳಬೇಡ, ಮತ್ತೆ ಹೇಳು ಅನ್ನುತ್ತಾನೆ. ಮುಂದೆ ಒಂದು ಕಡೆ ಎಲ್ಲವೂ ತಿರುಗಿಬೀಳುತ್ತದೆ. ಅದನ್ನು ಇಲ್ಲಿ ಬರೆದರೆ ಮಹಾಪಾಪ.

ಮನೆಮಂದಿಯೆಲ್ಲ ಸೇರಿ ಆಡುವುದಕ್ಕೆ 1981ರ ಬೋರ್ಡ್ ಗೇಮ್ 'ಶೆರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್' ಇದೆ. ದಾಳವಿಲ್ಲ, ಕಾಯಿಗಳಿಲ್ಲ. ಲಂಡನ್ನಿನ ನಕ್ಷೆ, ವಿಳಾಸದ ಪುಸ್ತಕ, ಆ ದಿನದ ಪೇಪರ್ ಮುಂದಿಟ್ಟುಕೊಂಡು ವಾದ ಮಾಡುವುದೇ ಆಟ.

ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ದಯವಿಟ್ಟು ಯೂಟ್ಯೂಬ್‌ನಲ್ಲಿ ಉತ್ತರ ಹುಡುಕಬೇಡಿ. ಓಬ್ರಾ ಡಿನ್ ಅನ್ನು ಒಮ್ಮೆ ಮಾತ್ರ ನಿಜವಾಗಿ ಆಡಲು ಆಗುವುದು. ಇಲ್ಲೇ ಕೆಳಗೆ ಕೇಳಿ, ಉತ್ತರ ಬಿಟ್ಟುಕೊಡದೆ ಎಲ್ಲಿ ನೋಡಬೇಕು ಅಂತಷ್ಟೇ ಹೇಳುತ್ತೇನೆ.