ಎಸ್‌ಯುವಿಗೆ ಎಷ್ಟು ಮಳೆಗಾಲದ ಆಯಸ್ಸು?

ವಾಹನ ಪ್ರಶ್ನೋತ್ತರ: ಹಾಸನ, ಚಿಕ್ಕಮಗಳೂರು ಜಿಲ್ಲೆಯ ಓದುಗರ ಪತ್ರಗಳಿಗೆ ಉತ್ತರ

ಪ್ರಶ್ನೆ: ನಮ್ಮದು 2013ರ ಡೀಸೆಲ್ ಎಸ್‌ಯುವಿ, ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಬಾಡಿ ಕೂರಿಸಿದ ಮಾದರಿ. 1.45 ಲಕ್ಷ ಕಿ.ಮೀ. ಓಡಿದೆ. ಸರ್ವಿಸ್ ಒಮ್ಮೆಯೂ ತಪ್ಪಿಸಿಲ್ಲ. ಇಂಜಿನ್ ಕೈಕೊಡುವ ಮೊದಲೇ ಮಾರಿಬಿಡಿ ಎಂದು ಕೆಲವರು, ಇನ್ನೂ ಹತ್ತು ವರ್ಷ ಭಯವಿಲ್ಲ ಎಂದು ಕೆಲವರು ಹೇಳುತ್ತಾರೆ. ಚೆನ್ನಾಗಿ ನೋಡಿಕೊಂಡ ಗಾಡಿ ನಿಜಕ್ಕೂ ಎಷ್ಟು ಬಾಳಿಕೆ ಬರುತ್ತದೆ?
— ಓದುಗರು, ಸಕಲೇಶಪುರ

ಉತ್ತರ: ಇಂಜಿನ್ ಲೆಕ್ಕದಲ್ಲಿ ನಿಮ್ಮ ಗಾಡಿ ಇನ್ನೂ ಅರ್ಧ ದಾರಿಯಲ್ಲಿದೆ. ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಇಂಥ ಡೀಸೆಲ್ ಇಂಜಿನ್ ಬಿಚ್ಚದೆಯೇ 3 ಲಕ್ಷ ಕಿ.ಮೀ. ಓಡುವುದು ವಿಶೇಷವೇನಲ್ಲ. ಟ್ಯಾಕ್ಸಿ ಗಾಡಿಗಳು ಅದನ್ನೂ ಮೀರುತ್ತವೆ. ಇಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಹೊತ್ತಿನಲ್ಲಿ, ಟ್ಯಾಕ್ಸಿಯ ಇಂಜಿನ್ ತಣ್ಣಗಾಗುವುದೇ ಅಪರೂಪ. ಪ್ರತ್ಯೇಕ ಚಾಸಿ ಇಲ್ಲದ ಚಿಕ್ಕ ಎಸ್‌ಯುವಿಗಳಿಗೆ 2ರಿಂದ 2.5 ಲಕ್ಷ ಎಂದು ಇಟ್ಟುಕೊಳ್ಳಿ.

ಆದರೆ ಸಕಲೇಶಪುರದ ಗಾಡಿಯ ವಯಸ್ಸನ್ನು ಮೀಟರ್ ನೋಡಿ ಹೇಳಲಾಗದು, ಎಷ್ಟು ಮಳೆಗಾಲ ಕಂಡಿದೆ ಎಂದು ಕೇಳಬೇಕು. ಇದೇ ಗಾಡಿ ಅರಸೀಕೆರೆ ಕಡೆ ಇದ್ದಿದ್ದರೆ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತಿತ್ತು, ಬಿಸಿಲಿಗೆ ರಬ್ಬರ್ ಬುಷ್‌ಗಳು ಸೀಳುತ್ತಿದ್ದವು, ಚಾಸಿ ಮಾತ್ರ ಹೊಸದರಂತೆ ಇರುತ್ತಿತ್ತು. ನಿಮ್ಮಲ್ಲಿ ತಿರುಗುಮುರುಗು: ಮೇಲೆ ಇಂಜಿನ್ ಗಟ್ಟಿ, ಕೆಳಗೆ ತುಕ್ಕು. ಮಲೆನಾಡಿನಲ್ಲಿ ಗುಜರಿಗೆ ಹೋಗುವ ಎಸ್‌ಯುವಿಗಳಲ್ಲಿ ಬಹಳಷ್ಟರ ಇಂಜಿನ್ ಇನ್ನೂ ಓಡುವ ಸ್ಥಿತಿಯಲ್ಲೇ ಇರುತ್ತದೆ.

ಹರಿದು ಹೋಗುವ ನೀರು ಅಷ್ಟು ಕೇಡು ಮಾಡುವುದಿಲ್ಲ. ಚಾಸಿಯ ಮಡಿಕೆಗಳಲ್ಲಿ ಕೂತ ಕೆಸರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ, ತಿನ್ನುವುದು ಅದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅಡಿಭಾಗಕ್ಕೆ ಪೈಪಿನಿಂದ ನೀರು ಹೊಡೆದು ಮಣ್ಣು ಬಿಡಿಸಿ. ಮೇಲ್ಮೈ ಪಾಲಿಶ್‌ಗಿಂತ ಇದು ಮುಖ್ಯ. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಕಟ್ಟಿ ಅವು ಮುಚ್ಚಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಒಂದು ಕಡ್ಡಿ ಸಾಕು, ಬಿಡಿಸಿಕೊಳ್ಳಿ.

ನವೆಂಬರಿನಲ್ಲಿ ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಬನ್ನಿ. ಟಣ್ ಎಂದರೆ ಸರಿ. ಸದ್ದು ಮಂದವಾಗಿ ಕೇಳಿ ಪದರ ಉದುರಿದರೆ ಒಳಗಿಂದ ತಿಂದಿದೆ ಎಂದೇ ಅರ್ಥ. ಹಿಂದಿನ ಆಕ್ಸಲ್ ಮೇಲಿನ ಬಾಗು, ಸ್ಪ್ರಿಂಗ್ ಕೂರುವ ಬ್ರ್ಯಾಕೆಟ್, ಬಾಡಿ ಮೌಂಟ್‌ಗಳ ಸುತ್ತ, ಡೀಸೆಲ್ ಟ್ಯಾಂಕಿನ ಪಟ್ಟಿಯ ಹಿಂಬದಿ, ಈ ನಾಲ್ಕು ಕಡೆ ಟಾರ್ಚ್ ಬಿಟ್ಟೇ ನೋಡಬೇಕು. ಚಾಸಿಗುಂಟ ಹೋಗುವ ಬ್ರೇಕ್ ಪೈಪ್ ಉಕ್ಕಿನದು. ಅದರ ಮೇಲೆ ಉಗುರು ಎಳೆದಾಗ ಚಕ್ಕೆ ಎದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ, ಆಗಲೇ ಬದಲಾಯಿಸಿ. ಮೇಲಿನ ತುಕ್ಕಾದರೆ ವೈರ್ ಬ್ರಷ್ ಹಾಕಿ, ಪೂರ್ತಿ ಒಣಗಿಸಿ, ಪ್ರೈಮರ್ ಹೊಡೆದ ಮೇಲೆಯೇ ಕೋಟಿಂಗ್. ತುಕ್ಕಿನ ಮೇಲೇ ಕಪ್ಪು ಅಂಡರ್‌ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಹೊರಗೆ ಹೊಳಪು, ಒಳಗೆ ತೂತು. ಚಾಸಿಯ ಪೆಟ್ಟಿಗೆಯಂಥ ಟೊಳ್ಳು ಭಾಗಗಳಿಗೆ ಮೇಣದಂಥ ತುಕ್ಕುನಿರೋಧಕವನ್ನು ನಳಿಕೆಯಿಂದ ಒಳಕ್ಕೆ ಸಿಂಪಡಿಸಬೇಕು. ಹೊರಗಿನ ಕೋಟಿಂಗ್ ಅಲ್ಲಿಗೆ ತಲುಪದು.

ತೋಟವಿರುವವರು ಇನ್ನೊಂದನ್ನು ಗಮನಿಸಿ. ಡಿಕ್ಕಿಯಲ್ಲಿ ಪೊಟ್ಯಾಶ್ ಚೀಲ ಹೊತ್ತರೆ ಚೆಲ್ಲಿದ ಹರಳು ಕ್ಲೋರೈಡ್ ಉಪ್ಪು. ಕಾರ್ಪೆಟ್ ಅಡಿಗೆ ಇಳಿದು ತೇವ ಎಳೆದುಕೊಂಡು ತಗಡನ್ನು ತಿನ್ನುತ್ತದೆ. ಮೈಲುತುತ್ತ ಅದಕ್ಕಿಂತ ಘಾಟಿ. ಅದರ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣವನ್ನು ಕರಗಿಸುತ್ತದೆ, ಅದಕ್ಕೇ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ಡಿಕ್ಕಿಯೂ ಕಬ್ಬಿಣದ್ದೇ ಅಲ್ಲವೇ. ಅಂಚು ಎತ್ತಿದ ರಬ್ಬರ್ ಟ್ರೇ ಹಾಸಿ, ಚೆಲ್ಲಿದರೆ ಅಂದೇ ತೊಳೆಯಿರಿ.

ಉಳಿದದ್ದು ಚುಟುಕಾಗಿ. ಇಂಜಿನ್ ಆಯಿಲ್ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನವೂ ಘಾಟಿ, ತೋಟದ ಲೋಡು ಇದ್ದರೆ 7,500ಕ್ಕೇ ಇಳಿಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡೀಸೆಲ್ ಫಿಲ್ಟರ್ ತಳದ ತಿರುಪು ಸಡಿಲಿಸಿ ನೀರು ಬಿಡಿ. ಬ್ಯಾರೆಲ್‌ನಲ್ಲಿ ತಂದಿಟ್ಟ ಡೀಸೆಲ್ ಹಾಕುವವರಿಗಂತೂ ಇದು ಕಡ್ಡಾಯ, ನೀರು ಹೋದ ಇಂಜೆಕ್ಟರ್ ರಿಪೇರಿಯ ಬಿಲ್ಲು ಸಣ್ಣದಲ್ಲ. ಘಾಟಿ ಹತ್ತಿ ಬಂದ ಮೇಲೆ ಅರ್ಧದಿಂದ ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿದರೆ ಟರ್ಬೊ ಉಳಿಯುತ್ತದೆ.

ನಮ್ಮ ಸಲಹೆ ಇಷ್ಟು: ಚಾಸಿಯ ಉದ್ದದ ತೊಲೆಯಲ್ಲಿ ತೂತು ಇಲ್ಲದಿದ್ದರೆ ಮಾರಬೇಡಿ. ಬ್ರ್ಯಾಕೆಟ್ ಕೊಳೆತಿದ್ದರೆ ವೆಲ್ಡಿಂಗ್‌ನಲ್ಲಿ ಸರಿಯಾಗುತ್ತದೆ. ತೊಲೆಯೇ ತೂತಾಗಿದ್ದರೆ ಎಂಥ ಇಂಜಿನ್ ಇದ್ದರೂ ಅದು ಘಾಟಿಗೆ ಇಳಿಸುವ ಗಾಡಿಯಲ್ಲ.

ಪ್ರಶ್ನೆ: ನಮ್ಮ ಫೋರ್‌ವೀಲ್ ಡ್ರೈವ್ ಗಾಡಿ ತೋಟದ ಹಳ್ಳ ದಾಟಿ ಓಡಾಡುತ್ತದೆ. ಹಿಂದಿನ ಡಿಫರೆನ್ಷಿಯಲ್‌ನಿಂದ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಗುಂಯ್ ಎಂಬ ಸದ್ದು ಬರುತ್ತಿತ್ತು. ಆಯಿಲ್ ಬಿಚ್ಚಿದರೆ ಹಾಲು ಬೆರೆಸಿದ ಕಾಫಿಯ ಬಣ್ಣ! ಫೋರ್‌ವೀಲ್ ಲಿವರ್ ಕೂಡ ಬಿಗಿಯಾಗಿದೆ.
— ಓದುಗರು, ಮೂಡಿಗೆರೆ

ಉತ್ತರ: ಆಯಿಲ್‌ಗೆ ನೀರು ಸೇರಿದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಮೇಲಿರುವ ಬ್ರೀದರ್ (ಗಾಳಿಯಾಡುವ ತೂತು) ಕೆಸರಿನಿಂದ ಕಟ್ಟಿದ್ದರೆ ಆಕ್ಸಲ್ ಸೀಲ್ ಮೂಲಕವೇ ನೀರು ಒಳಗೆ. ಇರುವ ಆಯಿಲ್ ಪೂರ್ತಿ ಬಿಟ್ಟು, ಹೊಸದು ಹಾಕಿ, ಐವತ್ತು ಕಿ.ಮೀ. ಓಡಿಸಿ ಮತ್ತೆ ಬಿಚ್ಚಿ ನೋಡಿ. ಇನ್ನೂ ಮಸುಕಾಗಿದ್ದರೆ ಇನ್ನೊಮ್ಮೆ ಬದಲಾಯಿಸಿ. ಆಯಿಲ್ ಹಾಕುವ ತೂತಿನಿಂದ ಹೊರ ತುಳುಕುವುದೇ ಸರಿಯಾದ ಮಟ್ಟ. ಡಿಫರೆನ್ಷಿಯಲ್‌ಗೆ ಹೆಚ್ಚಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್ ಬರುತ್ತದೆ. ಉಳಿದದ್ದನ್ನು ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಗೇರ್‌ಬಾಕ್ಸ್‌ಗೆ ಜಿಎಲ್-4 ಎಂದಿದ್ದರೆ ಅದೇ ಬೇಕು. ಹೊಸ ಆಯಿಲ್ ಹಾಕಿಯೂ ಸದ್ದು ಇದ್ದರೆ ಬೇರಿಂಗ್‌ಗೆ ಪೆಟ್ಟಾಗಿದೆ, ತಡ ಮಾಡಿದಷ್ಟೂ ಕ್ರೌನ್ ವೀಲ್, ಪಿನಿಯನ್ನಿಗೂ ಖರ್ಚು ತಗಲುತ್ತದೆ. ಆಮೇಲೆ ಬ್ರೀದರ್‌ಗೆ ರಬ್ಬರ್ ಕೊಳವೆ ಜೋಡಿಸಿ ಅದರ ತುದಿಯನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ದು ಕಟ್ಟಿಸಿ. ಅಗ್ಗದ ಕೆಲಸ, ಹಳ್ಳ ದಾಟುವವರು ಮೊದಲು ಮಾಡಿಸಬೇಕಾದದ್ದು.

ಲಿವರ್ ಬಿಗಿಯಾಗುವುದು ಬಳಸದೆ ಇಟ್ಟದ್ದಕ್ಕೆ. ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಎರಡು ಮೂರು ಕಿ.ಮೀ. ಫೋರ್‌ವೀಲ್‌ನಲ್ಲಿ ಓಡಿಸಿ, ಮುಂದಿನ ಭಾಗಕ್ಕೂ ಆಯಿಲ್ ಹರಡುತ್ತದೆ. ಒಣ ಡಾಂಬರಿನ ಮೇಲೆ ಮಾತ್ರ ಬೇಡ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಕ್ರಮಿಸುವ ದೂರ ಬೇರೆ. ಜಾರಲು ಅವಕಾಶವಿಲ್ಲದೆ ಇಡೀ ಗೇರ್ ಸರಣಿ ಹುರಿಗೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡರೆ ನೇರವಾಗಿ ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: 1.6 ಲಕ್ಷ ಕಿ.ಮೀ. ಓಡಿದ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳಬಹುದೇ? ಏನೇನು ನೋಡಬೇಕು?
— ಓದುಗರು, ಅರಸೀಕೆರೆ

ಉತ್ತರ: ಕೊಳ್ಳಬಹುದು. ಲೆಕ್ಕ ಇಟ್ಟು ಸರ್ವಿಸ್ ಮಾಡಿಸಿದ 1.6 ಲಕ್ಷದ ಗಾಡಿ, ಕಾಗದವೇ ಇಲ್ಲದ 70 ಸಾವಿರದ ಗಾಡಿಗಿಂತ ಮೇಲು. ನೋಂದಣಿ ಸಂಖ್ಯೆ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ದಾಖಲೆ ನೋಡಲು ಮಾರುವವರನ್ನೇ ಕೇಳಿ. ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿದೆಯೇ ಎಂದು ಬಾನೆಟ್ ಮುಟ್ಟಿ ನೋಡಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ಕ್ಲಚ್‌ಗೆ ಸುಲಭ ಪರೀಕ್ಷೆ: ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರ್‌ನಲ್ಲಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಅಲ್ಲಿ ಮಣ್ಣಿನ ಗೆರೆ ಇದ್ದರೆ ಗಾಡಿ ನೆರೆ ನೀರಿನಲ್ಲಿ ನಿಂತದ್ದು. ಟೈರ್ ಪಕ್ಕದ ನಾಲ್ಕಂಕಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ ಟೈರ್. ಆರು ವರ್ಷ ದಾಟಿದ್ದರೆ ಬಟನ್ (ಮೇಲ್ಮೈಯ ಅಚ್ಚು) ಇದ್ದರೂ ಹೊಸ ಟೈರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಇಂಜಿನ್‌ನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವುದು ಟೈಮಿಂಗ್ ಚೈನೋ ಬೆಲ್ಟೋ ಎಂದು ತಿಳಿದುಕೊಳ್ಳಿ. ಉದಾಹರಣೆಗೆ ಡಸ್ಟರ್ ಡೀಸೆಲ್‌ಗೆ ಇರುವುದು ಬೆಲ್ಟ್. ಅದು ಓಡುವಾಗ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ ಪೂರ್ತಿ ಬಿಚ್ಚುವ ಕೆಲಸ. ಬದಲಾಯಿಸಿದ ಬಿಲ್ ಇಲ್ಲವೆಂದರೆ ಬದಲಾಯಿಸಿಲ್ಲ ಎಂದೇ ಲೆಕ್ಕ. ಬಿಡಿಭಾಗಗಳ ಮಾತೂ ಇದೆ. ಷೆವರ್ಲೆ 2017ರ ಕೊನೆಗೆ ನಮ್ಮಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಗಾಡಿ ಎಷ್ಟೇ ಒಳ್ಳೆಯದಿರಲಿ, ಹೆಡ್‌ಲೈಟ್ ಒಂದಕ್ಕೆ ವಾರಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಇಂಥವುಗಳ ಕಡೆ ಹೋಗಿ.

ಪ್ರಶ್ನೆ: ಬಿಎಸ್6 ಡೀಸೆಲ್ ಎಸ್‌ಯುವಿ ತೆಗೆದುಕೊಂಡು ಮೂರು ವರ್ಷ. ಮನೆಯಿಂದ ಶಾಲೆ, ಮಾರ್ಕೆಟ್ ಇಷ್ಟೇ ಓಡಾಟ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪದೇ ಪದೇ ಬರುತ್ತಿದೆ.
— ಓದುಗರು, ಚಿಕ್ಕಮಗಳೂರು

ಉತ್ತರ: ಗಾಡಿಯಲ್ಲಿ ದೋಷವಿಲ್ಲ, ನಿಮ್ಮ ಓಡಾಟಕ್ಕೂ ಅದಕ್ಕೂ ಹೊಂದುವುದಿಲ್ಲ. ಸೈಲೆನ್ಸರ್ ಸಾಲಿನಲ್ಲಿರುವ ಈ ಫಿಲ್ಟರ್ ಮಸಿಯನ್ನು ಹಿಡಿದಿಟ್ಟು, 600 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಸುಡುತ್ತದೆ. ನಾಲ್ಕು ಕಿ.ಮೀ. ಓಡಾಟದಲ್ಲಿ ಆ ಬಿಸಿ ಹುಟ್ಟುವುದಿಲ್ಲ. ಸುಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗಲೇ ನೀವು ಆಫ್ ಮಾಡಿದರೆ ಆ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ, ಕೂಡಲೇ ಬದಲಾಯಿಸಿ.

ವಾರಕ್ಕೊಮ್ಮೆ ಕಡೂರು ರಸ್ತೆಯಲ್ಲಿ 60 ಕಿ.ಮೀ.ಗೆ ಮೇಲ್ಪಟ್ಟ ವೇಗದಲ್ಲಿ, ಇಂಜಿನ್ 2,000 ಸುತ್ತಿನ ಆಸುಪಾಸಿನಲ್ಲಿ ಇರುವ ಗೇರ್‌ನಲ್ಲಿ, ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಮುಳ್ಳಯ್ಯನಗಿರಿ ಕಡೆ ಹೋಗಿಬಂದರೆ ಆದೀತು ಎಂದುಕೊಳ್ಳಬೇಡಿ, ತಿರುವುಗಳಲ್ಲಿ ಒಂದೇ ಸಮನೆ ಬಿಸಿ ಸಿಗದು. ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಅನ್ನೇ ಹಾಕಿಸಿ. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ. ಫಿಲ್ಟರ್ ತೆಗೆಸಿಬಿಡಿ ಎನ್ನುವ ಗ್ಯಾರೇಜಿನ ಮಾತು ಕೇಳಬೇಡಿ, ಅದು ಕಾನೂನುಬಾಹಿರ. ಮುಂದಿನ ಸಲ ಪೆಟ್ರೋಲ್ ಗಾಡಿ ನೋಡಿ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಪ್ಯಾಡ್ ಹೊಸದೇ.
— ಓದುಗರು, ಕೊಟ್ಟಿಗೆಹಾರ

ಉತ್ತರ: ಬ್ರೇಕ್ ಆಯಿಲ್ ಹಳೆಯದಾಗಿದೆ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಕಡಿಮೆ ಬಿಸಿಗೇ ಕುದಿದು ಗುಳ್ಳೆ ಕಟ್ಟುತ್ತದೆ, ಗುಳ್ಳೆ ಅದುಮಿಕೊಳ್ಳುವುದರಿಂದ ಪೆಡಲ್ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿ. ಇಳಿಯುವಾಗ ಹತ್ತುವ ಗೇರ್‌ನಲ್ಲೇ ಇಳಿಯಿರಿ.

ಪ್ರಶ್ನೆ: ರೇಡಿಯೇಟರ್‌ಗೆ ಬಾವಿ ನೀರು ಸಾಲದೇ?
— ಓದುಗರು, ಬೇಲೂರು

ಉತ್ತರ: ದಾರಿಯಲ್ಲಿ ಸೋರಿದಾಗ ಊರು ತಲುಪಲು ಸಾಕು. ದಿನವೂ ಅದನ್ನೇ ಹಾಕಿದರೆ ಒಳಗೆ ತುಕ್ಕು, ಸುಣ್ಣ ಕಟ್ಟಿ ವಾಟರ್ ಪಂಪ್, ಆಮೇಲೆ ಹೆಡ್ ಗ್ಯಾಸ್ಕೆಟ್. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ.

ಪ್ರಶ್ನೆ: ನಮ್ಮ ಎಸ್‌ಯುವಿಗೆ 15 ವರ್ಷ ತುಂಬುತ್ತಿದೆ. ಮುಟ್ಟುಗೋಲು ಹಾಕುತ್ತಾರಂತೆ, ನಿಜವೇ?
— ಓದುಗರು, ಹಾಸನ

ಉತ್ತರ: ಇಲ್ಲ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಮಾತು ದೆಹಲಿ ಸುತ್ತಿನ ಪ್ರದೇಶದ್ದು. ಇಲ್ಲಿ ಖಾಸಗಿ ಗಾಡಿಯ ಆರ್‌ಸಿಯನ್ನು 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬಹುದು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನದೊಳಗೆ ನಮೂನೆ 25ರಲ್ಲಿ ಅರ್ಜಿ ಹಾಕಿ. ಆರ್‌ಸಿ, ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ ಬೇಕು, ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂ., ತಡವಾದರೆ ತಿಂಗಳಿಗೆ 500 ರೂ. ಹೆಚ್ಚುವರಿ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಇದನ್ನು 10,000ಕ್ಕೆ ಏರಿಸಿದ್ದಾರೆ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ.

ಹೋಗುವ ಮುನ್ನ ಎಲ್ಲ ಲೈಟು, ಹಾರ್ನು, ಹ್ಯಾಂಡ್‌ಬ್ರೇಕ್, ಟೈರ್ ನೋಡಿಕೊಳ್ಳಿ. ಮಂಕಾದ ಹೆಡ್‌ಲೈಟ್ ಗಾಜನ್ನು ಪಾಲಿಶ್ ಮಾಡಿಸಿ. ಮುಖ್ಯವಾಗಿ ಚಾಸಿ ನಂಬರ್ ಓದಲು ಬರಬೇಕು. ತುಕ್ಕು ಮುಚ್ಚಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ನೆನೆಸಿ ಮೆತ್ತಗೆ ಉಜ್ಜಿ, ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಅಂಕಿ ಅಳಿದರೆ ತಿದ್ದಿದ ಗಾಡಿ ಎಂಬ ಅನುಮಾನಕ್ಕೆ ದಾರಿ. ನಂಬರ್ ಸ್ಪಷ್ಟವಾದ ಮೇಲೆ ತೆಳುವಾಗಿ ಗ್ರೀಸ್ ಸವರಿ ಬಿಡಿ.