ಕೆರೆ ಏರಿಯ ಕಲ್ಲು, ಅಟ್ಟದ ಮೇಲಿನ ಕಡತ

ಪ್ರಶ್ನೆ: ನಮ್ಮೂರ ಕೆರೆ ಏರಿಯ ಪಕ್ಕದಲ್ಲಿ ಎದೆಯೆತ್ತರದ ಒಂದು ಕಲ್ಲಿದೆ. ಕೆಳಗಿನ ಸಾಲಿನಲ್ಲಿ ಬಿಲ್ಲು ಹಿಡಿದವನೊಬ್ಬ ದನಗಳ ಮುಂದೆ ನಿಂತಿದ್ದಾನೆ. ಮೇಲೆ ಇನ್ನೆರಡು ಸಾಲು ಚಿತ್ರಗಳಿವೆ, ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳಿವೆ. ಹಿರಿಯರು ಅದನ್ನು ಬೀರದೇವರು ಎಂದು ಕರೆದು ವರ್ಷಕ್ಕೊಮ್ಮೆ ಪೂಜಿಸುತ್ತಾರೆ. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು ದೇವಸ್ಥಾನದ ಅಂಗಳದಲ್ಲಿ ನೆಡುವ ಮಾತು ನಡೆದಿದೆ. ಇದು ಯಾವ ಕಲ್ಲು? ಇದರಿಂದ ಊರಿನ ಇತಿಹಾಸ ತಿಳಿಯಬಹುದೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ತಾವು ವಿವರಿಸಿರುವುದು ವೀರಗಲ್ಲು. ಕೆಳಗಿನ ಸಾಲು ವೀರನ ಕೊನೆಯ ಹೋರಾಟವನ್ನು ತೋರಿಸುತ್ತದೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಸಾಮಾನ್ಯವಾಗಿ ಶಿವಲಿಂಗದ ಮುಂದೆ, ಕೆಲವೆಡೆ ಜಿನನ ಮುಂದೆ, ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರಿದ್ದರೆ, ಅವರಿರುವವರೆಗೆ ಈ ಹೆಸರೂ ಇರಲಿ ಎಂದರ್ಥ.

ಚಿತ್ರದಲ್ಲಿ ದನಗಳಿರುವುದರಿಂದ ಅವನು ತುರುಗಾಳಗದಲ್ಲಿ, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿ ತರುವ ಹೋರಾಟದಲ್ಲಿ, ಮಡಿದವನೆಂದು ತಿಳಿಯಬಹುದು. ಹಳೆಯ ಶಾಸನಗಳಲ್ಲಿ ತುರುಗೊಳ್ (ದನ ಹಿಡಿಯುವುದು), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ) ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಕಳೆದುಕೊಂಡ ಊರಿಗೆ ಉಳುಮೆಯೂ ಇಲ್ಲ, ಹೈನೂ ಇಲ್ಲ, ಗೊಬ್ಬರವೂ ಇಲ್ಲ. ಆದ್ದರಿಂದಲೇ ದನಕ್ಕಾಗಿ ಸತ್ತವನನ್ನು ಊರು ರಾಜನಿಗಾಗಿ ಸತ್ತವನಿಗಿಂತ ಕಡಿಮೆ ಎಂದು ಎಣಿಸಲಿಲ್ಲ. ಅರಮನೆಯ ಕಥೆಗಳಲ್ಲಿ ಎಲ್ಲಿಯೂ ಸಿಗದ ಸಾಮಾನ್ಯ ಒಕ್ಕಲಿನ ಹೆಸರು ಇಂಥ ಕಲ್ಲುಗಳಲ್ಲಿ ಸಿಗುತ್ತದೆ ಎಂಬುದೇ ನನಗೆ ಇವುಗಳ ಮೇಲಿರುವ ಪ್ರೀತಿಗೆ ಕಾರಣ.

ಕಲ್ಲು ನೆಟ್ಟಲ್ಲಿಗೆ ಊರಿನ ಹೊಣೆ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವುದಿತ್ತು, ಅದನ್ನು ನೆತ್ತರುಕೊಡಗೆ ಎನ್ನುತ್ತಿದ್ದರು. ತಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನವೂ ಇಂಥದೇ ಒಂದು ಕೊಡುಗೆಯ ದಾಖಲೆ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚು ಆಗಿ, ಎಂದರೆ ಕತ್ತಿ ತೊಳೆಯುವ ಗೌರವದೊಡನೆ, ಕೊಟ್ಟದ್ದನ್ನು ಅದು ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಎರಗಿರುವ ಚಿತ್ರವಿದೆ. ಅದರ ಪೂಜೆಗೆ ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ಪಾಪ ತಟ್ಟಲಿ ಎಂದು ಬರೆಸಿದ್ದಾರೆ.

ಈಗ ತಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ದಯವಿಟ್ಟು ಕಲ್ಲನ್ನು ಕೀಳಲು ಬಿಡಬೇಡಿ. ಅದು ನಿಂತಿರುವ ಜಾಗವೂ ಅಕ್ಷರದಷ್ಟೇ ದೊಡ್ಡ ದಾಖಲೆ. ಅದು ಊರ ಗಡಿಯಲ್ಲಿತ್ತೇ, ದನ ಹೋಗುವ ಹಾದಿಯಲ್ಲಿತ್ತೇ, ಕೆರೆಗಿಂತ ಮೊದಲೇ ಅಲ್ಲಿತ್ತೇ ಎಂಬುದನ್ನು ಸ್ಥಳವೇ ಹೇಳಬೇಕು. ದೇವಸ್ಥಾನದ ಅಂಗಳಕ್ಕೆ ಸಾಗಿದ ದಿನವೇ ಆ ಅರ್ಧ ಚರಿತ್ರೆ ಹೋಗುತ್ತದೆ. ರಸ್ತೆಗೆ ಬೇರೆ ದಾರಿಯೇ ಇಲ್ಲವೆಂದಾದರೆ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಪಂಚಾಯಿತಿಯ ಮೂಲಕ ಮೊದಲೇ ಬರೆಯಿರಿ. ಅವರು ಬಂದು ನೋಡುವವರೆಗೆ ಕೆಲಸ ನಿಲ್ಲಲಿ.

ಅಕ್ಷರ ಓದುವ ಆತುರದಲ್ಲಿ ತಂತಿಬ್ರಷ್‌ನಿಂದ ಉಜ್ಜುವುದು, ಆಸಿಡ್ ಹಾಕುವುದು, ಗೆರೆಗಳಿಗೆ ಬಣ್ಣ ತುಂಬುವುದು ಬೇಡವೇ ಬೇಡ. ಭಕ್ತಿಯಿಂದಲೇ ಬಳಿದ ಆಯಿಲ್ ಪೇಂಟಿನ ಕೆಳಗೆ ಒಂದಕ್ಷರವೂ ಓದಲಾಗದಂತೆ ಹೂತುಹೋದ ಕಲ್ಲುಗಳನ್ನು ಕಂಡು ನನಗೆ ತುಂಬ ನೋವಾಗಿದೆ. ಸಂಜೆಯ ಇಳಿಬಿಸಿಲು ಪಕ್ಕದಿಂದ ಬೀಳುವಾಗ, ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ ಹಿಡಿದು ಫೋಟೊ ತೆಗೆದರೆ, ಹಗಲಲ್ಲಿ ಕಾಣದ ಗೆರೆಗಳು ನೆರಳಾಗಿ ಎದ್ದು ನಿಲ್ಲುತ್ತವೆ.

ಈ ಶಾಸನವನ್ನು ಈಗಾಗಲೇ ಯಾರಾದರೂ ಓದಿರಲೂಬಹುದು. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಹಾಸನ ಜಿಲ್ಲೆಯ ಶಾಸನಗಳು ಐದನೆಯದರಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ ಇವೆ. ತಾಲ್ಲೂಕು ಹಿಡಿದು ಹೊರಟು ಊರಿನ ಹೆಸರು ಹುಡುಕಿ. ಶಾಸನದಲ್ಲಿ ಶಕ ವರ್ಷವಿದ್ದರೆ ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಸಂವತ್ಸರದ ಹೆಸರು ಮಾತ್ರವಿದ್ದರೆ ಅಷ್ಟರಿಂದ ಕಾಲ ಹೇಳಲಾಗದು, ಏಕೆಂದರೆ ಅದೇ ಹೆಸರು 60 ವರ್ಷಕ್ಕೊಮ್ಮೆ ಬರುತ್ತದೆ.

ಪ್ರಶ್ನೆ: (ಅದೇ ಓದುಗರಿಂದ) ನಮ್ಮ ತಾತ ಶಾನುಭೋಗರಾಗಿದ್ದರು. ಅಟ್ಟದ ಮೇಲೆ ಮಡಿಕೆ ಮಡಿಕೆಯಾದ ಕಪ್ಪು ಬಟ್ಟೆಯ ಪುಸ್ತಕಗಳಿವೆ, ಮೇಲೆ ಬಿಳಿಯ ಬರಹವಿದೆ. ಇವುಗಳಿಗೆ ಬೆಲೆಯುಂಟೇ?

ಉತ್ತರ: ಅವು ಕಡತಗಳು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು; ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಆದ್ದರಿಂದ ಒದ್ದೆ ಬಟ್ಟೆಯಿಂದ ಧೂಳು ಒರೆಸಲು ಹೋಗಬೇಡಿ, ಬರಹವೇ ಅಳಿಸಿಹೋದೀತು. ಒಣಗಿದ ಮೃದುವಾದ ಕುಂಚದಿಂದ ಅಕ್ಷರವಿಲ್ಲದ ಅಂಚುಗಳನ್ನಷ್ಟೇ ಸವರಿ, ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ ಒಂದೊಂದೇ ಪುಟದ ಫೋಟೊ ತೆಗೆಯಿರಿ.

ಶಾನುಭೋಗಿಕೆಯಂಥ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದು ಮಾಡಿತು, ಅದು 1963ರಲ್ಲಿ ಜಾರಿಗೆ ಬಂದಿತು. ಆಮೇಲೆ ಸರ್ಕಾರದ ಲೆಕ್ಕ ಕಚೇರಿಗೆ ಹೋದರೂ ಹಳೆಯ ಕಡತಗಳು ಎಷ್ಟೋ ಮನೆಗಳಲ್ಲಿಯೇ ಉಳಿದವು. ಅವುಗಳಲ್ಲಿ ಕಂದಾಯದ ಲೆಕ್ಕದ ಜೊತೆಗೆ ಹೊಲಗದ್ದೆಗಳ ಹೆಸರು, ತೋಟಿ, ತಳವಾರ, ನೀರುಗಂಟಿ ಎಂಬ ಊರ ಕೆಲಸದವರಿಗೆ ಸಲ್ಲುತ್ತಿದ್ದ ಪಾಲು ಇರುವ ಸಂಭವವುಂಟು.

ತಮ್ಮ ಎರಡು ಪ್ರಶ್ನೆಗಳೂ ಕೂಡುವುದು ಇಲ್ಲಿಯೇ. ಕೆರೆಯ ಅಚ್ಚುಕಟ್ಟಿನ ಗದ್ದೆಗಳಲ್ಲಿ ಯಾವುದಕ್ಕಾದರೂ ಕೊಡಗಿ ಗದ್ದೆ, ಬೀರನ ಹೊಲ ಎಂಬಂಥ, ಹಿಂದೆ ಹೇಳಿದ ನೆತ್ತರುಕೊಡಗೆಯನ್ನು ನೆನಪಿಸುವ ಹೆಸರು ಆ ಕಡತದಲ್ಲಿದೆಯೇ ನೋಡಿ, ಅದೇ ಹೆಸರನ್ನು ಊರಿನ ಹಿರಿಯರ ಬಾಯಿಂದಲೂ ಕೇಳಿ ಬರೆದಿಟ್ಟುಕೊಳ್ಳಿ. ಸಿಕ್ಕಿದರೆ, ಕಲ್ಲಿನಲ್ಲಿ ಬಿಲ್ಲು ಹಿಡಿದು ನಿಂತವನ ಮಕ್ಕಳು ಉತ್ತಿದ್ದ ಗದ್ದೆ ಅದೇ ಇರಬಹುದು.