ಡೈರ್ ಸ್ಟ್ರೇಟ್ಸ್ ಆದಮೇಲೆ ನಾಫ್ಲರ್ ಗಿಟಾರ್ ಯಾಕೆ ಮೆತ್ತಗಾಯಿತು?

ನಿಮ್ಮ ಪ್ರಶ್ನೆ ಇದು: "ಡೈರ್ ಸ್ಟ್ರೇಟ್ಸ್ ಬ್ಯಾಂಡ್ ಮುಗಿದ ಮೇಲೆ ಮಾರ್ಕ್ ನಾಫ್ಲರ್ ಮಾಡಿದ್ದರಲ್ಲಿ ಕೇಳುವಂಥದ್ದು ಏನಾದರೂ ಇದೆಯಾ? ಮೂರು ನಾಲ್ಕು ಹಾಡು ಕೇಳಿದೆ, ನಿದ್ದೆ ಬಂತು."

ನನಗೂ ನಿದ್ದೆ ಬಂದಿತ್ತು. ಅಲ್ಲಿಂದಲೇ ಹೇಳುತ್ತೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಡೈರ್ ಸ್ಟ್ರೇಟ್ಸ್ ಇಂಗ್ಲೆಂಡಿನ ರಾಕ್ ಬ್ಯಾಂಡ್, ನಾಫ್ಲರ್ ಅದರ ಹಾಡುಗಾರ, ಗಿಟಾರ್ ವಾದಕ. (ಅಂದ ಹಾಗೆ, ಹೆಸರಿನ ಮೊದಲ 'ಕ' ಬರೆಯುವುದಕ್ಕೆ ಮಾತ್ರ, ಬಾಯಲ್ಲಿ ಬರುವುದಿಲ್ಲ. ನಾನು ಎಷ್ಟೋ ವರ್ಷ 'ಕ್ನಾಫ್ಲರ್' ಅಂತಲೇ ಹೇಳಿಕೊಂಡು ಓಡಾಡಿದ್ದೆ.)

1996ರಲ್ಲಿ ಅವರ ಮೊದಲ ಸ್ವಂತ ಆಲ್ಬಂ 'ಗೋಲ್ಡನ್ ಹಾರ್ಟ್' ಬಂತು. ನಾನಾಗ ಕಾಲೇಜಿನಲ್ಲಿದ್ದೆ. ಮೆಸ್ ದುಡ್ಡಲ್ಲಿ ಉಳಿಸಿ ಕ್ಯಾಸೆಟ್ ತಂದೆ. ಬ್ಯಾಂಡಿನ ಹೆಸರಾಂತ ಹಾಡು 'ಸುಲ್ತಾನ್ಸ್ ಆಫ್ ಸ್ವಿಂಗ್' ಥರ ಇರುತ್ತೆ ಅಂತ ರೂಮಿನ ನಾಲ್ಕೂ ಜನ ಸುತ್ತ ಕೂತೆವು. ಮೊದಲ ಹಾಡಲ್ಲೇ ಐರಿಷ್ ಜಾನಪದದ ಪಿಟೀಲು. ಮುಂದೆ ಐರಿಷ್ ಪೈಪ್ಸ್, ಅಂದರೆ ನಮ್ಮ ಕಡೆಯ ಶ್ರುತಿ ತಿತ್ತಿಗೆ ದೂರದ ನೆಂಟ. "ಯಾರ ಮದುವೆ ಓಲಗಾನೋ ಇದು?" ಅಂದ ಒಬ್ಬ. ಗಿಟಾರ್ ಇತ್ತು, ಆದರೆ ನೆಂಟರ ಮನೆಗೆ ಬಂದವರ ಹಾಗೆ ಮೂಲೆಯಲ್ಲಿ ಕೂತಿತ್ತು. ಎರಡು ವಾರಕ್ಕೇ ಆ ಕ್ಯಾಸೆಟ್ಟಿನ ಮೇಲೆ ಬೇರೆ ಏನೋ ರೆಕಾರ್ಡ್ ಮಾಡಿಕೊಂಡೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಗ ನನಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಬ್ಯಾಂಡ್ ಮುಗಿದ ಮೇಲೆ ಈ ಮನುಷ್ಯ ಬದಲಾದರು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ಸರಿಯಲ್ಲ. ಬ್ಯಾಂಡ್ ಉತ್ತುಂಗದಲ್ಲಿ ಇದ್ದಾಗಲೇ ಅವರು ಹಿತ್ತಲ ಬಾಗಿಲಿಂದ ಆಗಾಗ ಹೊರಗೆ ಹೋಗಿ ಬರುತ್ತಿದ್ದರು. 1983ರಲ್ಲಿ 'ಲೋಕಲ್ ಹೀರೋ' ಅನ್ನುವ ಸ್ಕಾಟ್ಲೆಂಡಿನ ಕಥೆಯ ಸಿನಿಮಾಕ್ಕೆ ಸಂಗೀತ ಕೊಟ್ಟರು. ಅದರ ಕೊನೆಯ ಟ್ಯೂನ್ ಇವತ್ತಿಗೂ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ತಂಡ ಮೈದಾನಕ್ಕೆ ಇಳಿಯುವಾಗ ಮೊಳಗುತ್ತದೆ. ಗೆಳೆಯರ ಜೊತೆ ನಾಟಿಂಗ್ ಹಿಲ್‌ಬಿಲ್ಲೀಸ್ ಅಂತ ಸಣ್ಣ ಗುಂಪು ಕಟ್ಟಿ, 1990ರಲ್ಲಿ ಹಳೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ) ಹಾಡುಗಳ ಆಲ್ಬಂ ತಂದರು. ಅದೇ ವರ್ಷ ಚೆಟ್ ಆಟ್ಕಿನ್ಸ್ ಜೊತೆ ಕೂತು ಒಂದು ಆಲ್ಬಂ ಮಾಡಿದರು. ಬೆರಳಲ್ಲಿ ಗಿಟಾರ್ ಮೀಟುವವರಿಗೆಲ್ಲ ಚೆಟ್ ದೊಡ್ಡ ಗುರು.

ಈ ಕಡೆ ಬ್ಯಾಂಡ್ ಆನೆಯಾಗಿ ಬೆಳೆದಿತ್ತು. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಮೂರು ಕೋಟಿಗೂ ಜಾಸ್ತಿ ಮಾರಾಟವಾಯಿತು. ಕೊನೆಯ ಪ್ರವಾಸ 1991ರ ಆಗಸ್ಟಿನಲ್ಲಿ ಶುರುವಾಗಿ ಮುಂದಿನ ವರ್ಷ ಅಕ್ಟೋಬರಿನಲ್ಲಿ ಸ್ಪೇನಿನ ಸರಗೋಸಾದಲ್ಲಿ ಮುಗಿಯಿತು. ಇನ್ನೂರಕ್ಕೂ ಜಾಸ್ತಿ ಷೋ. ಆನೆ ಸಾಕಿದವನಿಗೆ ಆನೆಯದೇ ಕೆಲಸ, ಹಾಡು ಬರೆಯುವುದು ಯಾವಾಗ? 1995ಕ್ಕೆ ಬಾಗಿಲು ಹಾಕಿದರು. ಆಮೇಲೆ ಎಷ್ಟೇ ಜನ ಕೇಳಿದರೂ ಆ ಬಾಗಿಲು ಮತ್ತೆ ತೆಗೆಯಲಿಲ್ಲ. 2018ರಲ್ಲಿ ಬ್ಯಾಂಡನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರಲ್ಲ, ಆ ಸಮಾರಂಭಕ್ಕೂ ಹೋಗಲಿಲ್ಲ.

ಇನ್ನು ನಿಮ್ಮ ನಿದ್ದೆಯ ವಿಷಯ. ನನ್ನ ಪ್ರಕಾರ ನಾವಿಬ್ಬರೂ ಮಾಡಿದ ತಪ್ಪು ಒಂದೇ. ಗಿಟಾರ್ ಸೋಲೋ, ಅಂದರೆ ಗಿಟಾರ್ ಮುಂದೆ ನಿಂತು ನುಡಿಯುವ ಭಾಗ, ಯಾವಾಗ ಬರುತ್ತೆ ಅಂತ ಕಾದು ಕೂತೆವು. ನಾಫ್ಲರ್ ಆ ಹೊತ್ತಿಗೆ ಬೇರೆ ಕೆಲಸಕ್ಕೆ ಇಳಿದಿದ್ದರು. ಅಥವಾ ಹಳೆ ಕೆಲಸಕ್ಕೇ ವಾಪಸ್ ಹೋಗಿದ್ದರು ಅನ್ನಿ. ರಾಕ್ ಸ್ಟಾರ್ ಆಗುವ ಮೊದಲು ಅವರು ಪತ್ರಿಕೆ ವರದಿಗಾರ. ಲೀಡ್ಸ್ ಊರಿನ ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್‌ನಲ್ಲಿ ಕಿರಿಯ ವರದಿಗಾರನಾಗಿದ್ದರು. ಆಮೇಲೆ ಇಂಗ್ಲಿಷ್ ಸಾಹಿತ್ಯ ಓದಿದರು, ಕಾಲೇಜಲ್ಲಿ ಪಾಠವನ್ನೂ ಮಾಡಿದರು. 1996ರ ನಂತರದ ಹಾಡುಗಳನ್ನು ಆ ವರದಿಗಾರ ಬರೆದದ್ದು ಅಂತ ಅಂದುಕೊಂಡು ಕೇಳಿ. ನಿದ್ದೆ ಹಾರಿಹೋಗುತ್ತದೆ.

ಉದಾಹರಣೆಗೆ 2004ರ 'ಶಾಂಗ್ರಿ-ಲಾ' ಆಲ್ಬಮ್ಮಿನ ಮೊದಲ ಹಾಡು. ಹೆಸರೇ 'ಫೈವ್ ಫಿಫ್ಟೀನ್ ಎ.ಎಂ.' ಬೆಳಗಿನ ಜಾವ, ಹಿಮ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿರುವ ಗಣಿ ಕಾರ್ಮಿಕನೊಬ್ಬನಿಗೆ ದಾರಿಯಲ್ಲಿ ನಿಂತ ಕಾರು ಕಾಣುತ್ತದೆ. ಒಳಗೆ ಹೆಣ. ಇದು ಕಟ್ಟುಕಥೆಯಲ್ಲ. 1967ರ ಜನವರಿಯಲ್ಲಿ ಉತ್ತರ ಇಂಗ್ಲೆಂಡಿನ ಡರಂ ಕೌಂಟಿಯಲ್ಲಿ ನಡೆದ ಕೊಲೆ. ಜೂಜಿನ ಯಂತ್ರಗಳ ದುಡ್ಡಿನ ವ್ಯವಹಾರ ಅದರ ಹಿಂದೆ. ಇಷ್ಟನ್ನು ಯಾರು ಬೇಕಾದರೂ ಹಾಡು ಮಾಡಬಹುದು. ಆದರೆ ಈ ಹಾಡು ಕೊನೆಗೆ ಸತ್ತವನನ್ನು ಬಿಟ್ಟು ಹೆಣ ನೋಡಿದ ಗಣಿಯವನ ಕಡೆಗೆ ತಿರುಗುತ್ತದೆ. ಪುಡಿಗಾಸಿಗೆ ನೆಲ ಅಗೆದು ಪುಪ್ಪುಸ ಕಪ್ಪು ಮಾಡಿಕೊಂಡ ತಲೆಮಾರುಗಳ ಕಡೆಗೆ. ಗಿಟಾರ್? ಮೆಲ್ಲಗೆ ಪಕ್ಕದಲ್ಲಿ ನಡೆದುಕೊಂಡು ಬರುತ್ತದೆ, ಅಷ್ಟೇ. ಇಲ್ಲಿ ಒಂದು ಜೋರು ಸೋಲೋ ಹಾಕಿದ್ದರೆ ಸಾವಿನ ಮನೆಯಲ್ಲಿ ಪಟಾಕಿ ಹೊಡೆದಂತೆ ಆಗುತ್ತಿತ್ತು.

ಅದೇ ಆಲ್ಬಮ್ಮಿನಲ್ಲಿ ರೇ ಕ್ರಾಕ್ ಮೇಲೆ ಒಂದು ಹಾಡಿದೆ. ಮಿಲ್ಕ್‌ಶೇಕ್ ಯಂತ್ರ ಮಾರುತ್ತಿದ್ದ ಆಸಾಮಿ ಮೆಕ್‌ಡೊನಾಲ್ಡ್ ಸಹೋದರರ ಅಂಗಡಿಗೆ ಹೋಗಿ, ಕೊನೆಗೆ ಅಂಗಡಿಯನ್ನೇ ನುಂಗಿದ ಕಥೆ. ಬಾಕ್ಸರ್ ಸೋನಿ ಲಿಸ್ಟನ್ ಮೇಲೆ ಇನ್ನೊಂದು. 2000ದ 'ಸೇಲಿಂಗ್ ಟು ಫಿಲಡೆಲ್ಫಿಯಾ' ಹಾಡಿನಲ್ಲಿ ಹದಿನೆಂಟನೇ ಶತಮಾನದ ಇಬ್ಬರು ಸರ್ವೇಯರ್‌ಗಳು ಹಡಗಿನಲ್ಲಿ ಕೂತು ಮಾತಾಡುತ್ತಾರೆ. ಅಮೆರಿಕದ ಮೇಸನ್–ಡಿಕ್ಸನ್ ಗಡಿ ಗೆರೆ ಎಳೆದವರು ಅವರೇ. ಡಿಕ್ಸನ್ ಇಂಗ್ಲೆಂಡಿನ ಈಶಾನ್ಯ ಮೂಲೆಯವನು, ಅಂದರೆ ನಾಫ್ಲರ್ ಬೆಳೆದ ಕಡೆಯವನೇ. ಹಾಗಾಗಿ ಆ ಪಾತ್ರ ಅವರದು. ಮೇಸನ್ ಆಗಿ ಹಾಡಿದ್ದು ಅಮೆರಿಕದ ಹಾಡುಗಾರ ಜೇಮ್ಸ್ ಟೇಲರ್. ಸರ್ವೇ ಇಲಾಖೆಯವರ ಮೇಲೂ ಇಷ್ಟು ಚೆಂದದ ಹಾಡು ಬರೆಯಬಹುದು ಅಂತ ನನಗೆ ಗೊತ್ತಾಗಿದ್ದೇ ಆಗ.

ಇಷ್ಟರ ನಡುವೆ 2003ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಅವರ ಬೈಕಿಗೆ ಅಪಘಾತವಾಯಿತು. ಕೊರಳೆಲುಬು, ಭುಜದ ಎಲುಬು, ಏಳು ಪಕ್ಕೆಲುಬು ಮುರಿದವು. ತಿಂಗಳುಗಟ್ಟಲೆ ಗಿಟಾರ್ ಹಿಡಿಯಲಾಗಲಿಲ್ಲ. 'ಶಾಂಗ್ರಿ-ಲಾ' ಅದರಿಂದ ಎದ್ದು ಬಂದ ಮೇಲೆ ಮಾಡಿದ ಆಲ್ಬಂ. ಅದರ ಪ್ರವಾಸದಲ್ಲೇ 2005ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದಿದ್ದು.

ಅರಮನೆ ಮೈದಾನದಲ್ಲಿ ಆವತ್ತು ನಾನೂ ಇದ್ದೆ. ನಿಜ ಹೇಳಿಬಿಡುತ್ತೇನೆ, "ಸುಲ್ತಾನ್ಸ್! ಸುಲ್ತಾನ್ಸ್!" ಅಂತ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಹೊಸ ಹಾಡು ಶುರುವಾದರೆ ಪಕ್ಕದವರ ಜೊತೆ ಮಾತು, ನೀರಿಗೆ ಓಡಾಟ. 'ಸ್ಪೀಡ್‌ವೇ ಅಟ್ ನಾಜರೆತ್' ಅನ್ನುವ ಹಾಡು ಬಂದಾಗ ಮಾತ್ರ ಬಾಯಿ ಮುಚ್ಚಿ ನಿಂತೆ. ಕಾರ್ ರೇಸಿನವನೊಬ್ಬನ ಒಂದು ವರ್ಷದ ಕಥೆ ಅದು. ಸಾಲಾಗಿ ಸೋಲು, ಗಾಯ, ರಿಪೇರಿ. ಹಾಡಿನ ಮಾತು ಮುಗಿದ ಮೇಲೆ ಡ್ರಮ್ ಏರುತ್ತದೆ, ಆಮೇಲೆ ಗಿಟಾರ್ ಬಿಡುತ್ತಾರೆ ನೋಡಿ! ಕಾರು ಸುತ್ತು ಹಾಕುತ್ತಲೇ ಇರುತ್ತದೆ. ಈ ಮನುಷ್ಯ ಬೆರಳು ಓಡದೆ ಸುಮ್ನೆ ಇದ್ದಾರೆ ಅಂತ ಅಂದುಕೊಂಡಿದ್ದೆನಲ್ಲ, ಆವತ್ತು ನಾಚಿಕೆಯಾಯಿತು. ಓಡುತ್ತಿತ್ತು. ಬೇಕಾದಾಗ ಮಾತ್ರ ಓಡಿಸುತ್ತಿದ್ದರು.

ಅವರ ಕೈಯ ಬಗ್ಗೆ ಒಂದು ಮಾತು. ಎಡಗೈ ಬಳಸುವವರಾದರೂ ಗಿಟಾರ್ ಹಿಡಿಯುವುದು ಬಲಗೈಯವರ ಹಾಗೆ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಮುಟ್ಟುವುದೇ ಅಪರೂಪ. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು, ಮುಗಿಯಿತು. ಚರ್ಮ ತಂತಿಗೆ ತಾಗುವುದರಿಂದ ಸ್ವರಕ್ಕೆ ಮಾತಿನ ಗುಣ ಬರುತ್ತದೆ. ಗದರಿಸಬಹುದು, ಪಿಸುಗುಟ್ಟಬಹುದು. ಡೈರ್ ಸ್ಟ್ರೇಟ್ಸ್‌ನಲ್ಲಿ ಗದರಿಕೆ ಜಾಸ್ತಿ ಇತ್ತು. ಆಮೇಲಿನದರಲ್ಲಿ ಹಾಡಿನ ಒಂದು ಸಾಲು ಮುಗಿದರೆ ಅದಕ್ಕೆ "ಹೂಂ" ಅನ್ನುವಷ್ಟೇ ಗಿಟಾರ್. ಕಥೆ ಹೇಳುವವರ ಎದುರು ಕೂತು ಹೂಂಗುಟ್ಟುವವರು ಬೇಕು ಅಲ್ವಾ? ಆ ಕೆಲಸ. ಉಳಿದ ಜಾಗವನ್ನು ಮೈಕಲ್ ಮ್ಯಾಕ್‌ಗೋಲ್ಡ್ರಿಕ್ ಕೊಳಲಿಗೆ, ಜಾನ್ ಮ್ಯಾಕಸ್ಕರ್ ಪಿಟೀಲಿಗೆ ಬಿಟ್ಟುಕೊಟ್ಟರು. ಕೀಬೋರ್ಡಿನ ಗೈ ಫ್ಲೆಚರ್ ಮಾತ್ರ ಡೈರ್ ಸ್ಟ್ರೇಟ್ಸ್ ಕಾಲದಿಂದ ಜೊತೆಯಲ್ಲೇ ಇದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟ 2009ರ 'ಗೆಟ್ ಲಕ್ಕಿ'. ಅದರಲ್ಲಿ 'ಸೋ ಫಾರ್ ಫ್ರಮ್ ದ ಕ್ಲೈಡ್' ಅಂತ ಹಾಡಿದೆ. ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯಲ್ಲಿ ಕಟ್ಟಿದ ಹಡಗನ್ನು ಅದರ ಕೊನೆಯ ದಿನ ಬೇಕೆಂದೇ ದೂರದ ತೀರಕ್ಕೆ ನುಗ್ಗಿಸಿ, ಕೈಯಲ್ಲಿ ಸಿಕ್ಕಿದ ಸಲಕರಣೆ ಹಿಡಿದು ಜನ ಅದನ್ನು ಕಳಚುತ್ತಾರೆ. ಯಾವ ತೀರ ಅಂತ ಹಾಡು ಹೇಳುವುದಿಲ್ಲ. ಆದರೆ ಗುಜರಾತಿನ ಆಲಂಗ್‌ನ ಫೋಟೋ ನೋಡಿದ ಭಾರತದವರಿಗೆ ಹೇಳಬೇಕಾಗಿಯೂ ಇಲ್ಲ. ಆರು ನಿಮಿಷ, ಒಂದೇ ನಡಿಗೆ. ಹಸು ಸಾಯುವುದನ್ನು ನೋಡಿದ ಹಾಗಾಗುತ್ತದೆ.

ಆಲ್ಬಮ್ಮಿನ ಕೊನೆಯ ಹಾಡು ಅವರ ಸೋದರಮಾವ ಫ್ರೆಡ್ಡಿಯದು. ಬ್ರಿಟಿಷ್ ಸೇನೆಯ ಟೈನ್‌ಸೈಡ್ ಸ್ಕಾಟಿಷ್ ದಳದಲ್ಲಿ ಪೈಪ್ಸ್ ನುಡಿಸುವವನು. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಅರಾಸ್ ಹತ್ತಿರ ಯುದ್ಧದಲ್ಲಿ ಸತ್ತ. ಆಗ ಅವನಿಗೆ ಬರೀ ಇಪ್ಪತ್ತು. 'ಗೋಲ್ಡನ್ ಹಾರ್ಟ್'ನಲ್ಲಿ ನಾವು ಓಲಗ ಅಂತ ನಕ್ಕ ಪೈಪ್ಸ್ ಈ ಮನೆಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಲು ಹದಿಮೂರು ವರ್ಷ ಬೇಕಾಯಿತು.

ಹಾಗಂತ ಎಲ್ಲವೂ ಬಂಗಾರ ಅಂತ ಹೇಳುವುದಿಲ್ಲ. 2007ರ 'ಕಿಲ್ ಟು ಗೆಟ್ ಕ್ರಿಮ್ಸನ್' ಈಗಲೂ ನನಗೆ ಸಪ್ಪೆ. 2012ರ 'ಪ್ರೈವೆಟೀರಿಂಗ್'ನಲ್ಲಿ ಇಪ್ಪತ್ತು ಹಾಡು, ಹನ್ನೆರಡು ಸಾಕಿತ್ತು. ದನಿಯೂ ವರ್ಷದಿಂದ ವರ್ಷಕ್ಕೆ ಗೊಣಗಾಟಕ್ಕೆ ಹತ್ತಿರವಾಗಿದೆ. ಅಮೆರಿಕದ ಕಂಟ್ರಿ ಹಾಡುಗಾರ್ತಿ ಎಮಿಲು ಹ್ಯಾರಿಸ್ ಜೊತೆ 2006ರಲ್ಲಿ ಮಾಡಿದ ಆಲ್ಬಂ ಅದಕ್ಕೇ ಚೆನ್ನಾಗಿದೆ. ಆ ಗೊಣಗಿನ ಮೇಲೆ ಆಕೆಯ ದನಿ ಬೆಳದಿಂಗಳ ಹಾಗೆ ಬೀಳುತ್ತದೆ.

2019ರಲ್ಲಿ ಕೊನೆಯ ದೊಡ್ಡ ಪ್ರವಾಸ ಮುಗಿಸಿದರು. 2024ರ ಜನವರಿಯಲ್ಲಿ ಗಿಟಾರ್, ಆಂಪ್ಲಿಫೈಯರ್ ಎಲ್ಲ ಸೇರಿ ನೂರಿಪ್ಪತ್ತಕ್ಕೂ ಹೆಚ್ಚು ಹರಾಜಿಗೆ ಇಟ್ಟರು. 88 ಲಕ್ಷ ಪೌಂಡಿಗೂ ಜಾಸ್ತಿ ಬಂತು, ಅದರಲ್ಲಿ ಕಾಲು ಭಾಗ ದಾನಕ್ಕೆ. ಅಷ್ಟೆಲ್ಲ ಮಾರಿ ಸುಮ್ಮನೆ ಕೂತರಾ ಅಂದರೆ ಇಲ್ಲ. ಏಪ್ರಿಲ್‌ನಲ್ಲೇ 'ಒನ್ ಡೀಪ್ ರಿವರ್' ಆಲ್ಬಂ ಬಂತು. ಅದರಲ್ಲೂ ಒಂದು ವರದಿ ಇದೆ: 1923ರಲ್ಲಿ ಅಮೆರಿಕದ ಆರೆಗಾನಿನಲ್ಲಿ ಮೂವರು ಅಣ್ಣತಮ್ಮಂದಿರು ಮಾಡಿದ ರೈಲು ದರೋಡೆ. ವರದಿಗಾರ ಇನ್ನೂ ರಿಟೈರ್ ಆಗಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದರೆ, ನಿಮಗೆ ಗಿಟಾರ್ ಹಸಿವು ಇರುವುದರಿಂದ ಮೊದಲು 'ಸ್ಪೀಡ್‌ವೇ' ಕೇಳಿ, ಸ್ಟುಡಿಯೋದ್ದಲ್ಲ, ಯಾವುದಾದರೂ ಲೈವ್. ಆಮೇಲೆ 'ವಾಟ್ ಇಟ್ ಈಸ್'. ಅದರಲ್ಲಿ ಹಳೆ ನಾಫ್ಲರ್ ಚೆನ್ನಾಗಿಯೇ ಸಿಗುತ್ತಾರೆ. ಹಸಿವು ತೀರಿದ ಮೇಲೆ ಒಂದು ರಾತ್ರಿ ಕ್ಲೈಡ್ ಹಡಗಿನ ಹಾಡು ಹಾಕಿ, ಸಾಹಿತ್ಯ ಎದುರಿಗೆ ಇಟ್ಟುಕೊಂಡು ಕೇಳಿ. ಅದಕ್ಕೂ ನಿದ್ದೆ ಬಂದರೆ ಇಲ್ಲೇ ಬಂದು ಬೈಯಿರಿ.